ಹೂಂಗುಟ್ಟುವ ಯಂತ್ರಗಳು: ಗಣಕಜಾಲದ ಸಂದೇಶ ರವಾನೆ ಮತ್ತು ಮೌಖಿಕ ಪರಂಪರೆಯ ತಿಳಿವಳಿಕೆ

೧. ಪೀಠಿಕೆ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕರೂರು ಒಂದು ಹೋಬಳಿ ಕೇಂದ್ರ. ತುಂಗಭದ್ರೆ ಹಾಗೂ ವೇದಾವತಿ, ಅಂದರೆ ಜನರ ಬಾಯಲ್ಲಿನ ಹಗರಿ, ಈ ಎರಡು ನದಿಗಳ ನೀರುಂಡ ಈ ತಾಲ್ಲೂಕು ಭತ್ತದ ಬೆಳೆಗೆ ಹೆಸರಾದುದು. ಮೂಡಣ ದಿಕ್ಕಿನಲ್ಲಿ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಸೀಮೆ ತಾಗುವುದರಿಂದ ಇಲ್ಲಿನ ಆಡುಮಾತಿನಲ್ಲಿ ಕನ್ನಡವೂ ತೆಲುಗೂ ಕೂಡಿ ಬಾಳುತ್ತವೆ. ಇಂಥ ಹೋಬಳಿಯ ರೈತನೊಬ್ಬ ಬೆಳೆಸಾಲಕ್ಕೆಂದು ಪಹಣಿ ಬೇಡಿ ನಾಡಕಚೇರಿಯ ಕಿಟಕಿಯ ಮುಂದೆ ನಿಂತಾಗ ನಡೆಯುವ ವ್ಯವಹಾರವು ನೋಡುವುದಕ್ಕೆ ಅತ್ಯಂತ ಸರಳ. ಸರ್ವೆ ನಂಬರನ್ನು ಹೇಳಲಾಗುತ್ತದೆ. ಸಿಬ್ಬಂದಿ ಅದನ್ನು ಒತ್ತುತ್ತಾರೆ. ಕೆಲವು ಕ್ಷಣಗಳಲ್ಲಿ ಕಾಗದ ಹೊರಬರುತ್ತದೆ. ಆದರೆ ಆ ಕೆಲವು ಕ್ಷಣಗಳಲ್ಲಿ ಬೇಡಿಕೆಯು ಮುನ್ನೂರು ಕಿಲೋಮೀಟರಿಗೂ ಮಿಕ್ಕ ದೂರದ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಗಿ, ಉತ್ತರವನ್ನು ಹೊತ್ತು ಹಿಂದಿರುಗಿರುತ್ತದೆ. ನಡುವೆ ತಂತಿ, ಗಾಜಿನೆಳೆ, ಗೋಪುರ, ಹತ್ತಾರು ಯಂತ್ರಗಳು. ಇವುಗಳಲ್ಲಿ ಯಾವುದೂ ಸಂದೇಶವನ್ನು ತಪ್ಪದೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟಿರುವುದಿಲ್ಲ. ಆದರೂ ಪಹಣಿಯಲ್ಲಿ ಒಂದು ಅಕ್ಷರವೂ ಪಲ್ಲಟವಾಗದೆ ಬರುತ್ತದೆ.

ನಂಬಲಾಗದ ದಾರಿಯ ಮೇಲೆ ನಂಬಬಹುದಾದ ಮಾತು ಹೇಗೆ ಸಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಇದು ಕೇವಲ ತಂತ್ರಜ್ಞರ ಪ್ರಶ್ನೆಯಲ್ಲ. ಬರಹದ ಆಸರೆಯಿಲ್ಲದೆ ಸಾವಿರಾರು ಸಾಲುಗಳ ಕಾವ್ಯವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಜನಪದರು ಇದೇ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಎದುರಿಸಿದ್ದರು. ಆದುದರಿಂದ ಗಣಕಜಾಲದ ನಡೆಯನ್ನು ಮೌಖಿಕ ಪರಂಪರೆಯ ತಿಳಿವಳಿಕೆಯ ಬೆಳಕಿನಲ್ಲಿ ವಿವರಿಸುವುದು, ಹಾಗೆಯೇ ಇವೆರಡೂ ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಗುರುತಿಸುವುದು ಇಲ್ಲಿನ ಉದ್ದೇಶವಾಗಿದೆ.

೨. ಕಡತದಿಂದ ಜಾಲಕ್ಕೆ

ಕರ್ನಾಟಕದಲ್ಲಿ ಗ್ರಾಮೀಣ ಜನರ ಬದುಕಿಗೆ ಗಣಕಯಂತ್ರವು ನೇರವಾಗಿ ತಾಗಿದ್ದು ‘ಭೂಮಿ’ ಯೋಜನೆಯ ಮೂಲಕ. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯದ ಕಂದಾಯ ಇಲಾಖೆಯು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನಿಂದ ೧೭೭ ತಾಲ್ಲೂಕುಗಳ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಸುಮಾರು ೬೭ ಲಕ್ಷ ರೈತರ ಹೊಲಗದ್ದೆಗಳ ವಿವರ ಅದರಲ್ಲಿತ್ತು. ಅದುವರೆಗೆ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ದಾಖಲೆಯು ಅಚ್ಚಿನ ರೂಪ ಪಡೆಯಿತು. ಆರಂಭದ ಘಟ್ಟದಲ್ಲಿ ಈ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇರುತ್ತಿತ್ತು; ಕರೂರಿನವರು ಪಹಣಿಗಾಗಿ ಸಿರುಗುಪ್ಪಕ್ಕೆ ಹೋಗಬೇಕಾಗಿತ್ತು. ಅನಂತರ ರಾಜ್ಯವ್ಯಾಪಿ ಜಾಲವು ತಾಲ್ಲೂಕುಗಳನ್ನು ರಾಜಧಾನಿಗೆ ಬೆಸೆಯಿತು. ದಾಖಲೆ ಒಂದು ಕಡೆ, ಬೇಡುವವರು ಮತ್ತೊಂದು ಕಡೆ ಎಂಬ ಸ್ಥಿತಿ ಉಂಟಾಯಿತು. ರವಾನೆಯ ಪ್ರಶ್ನೆಯು ಮಹತ್ವ ಪಡೆಯುವುದು ಈ ಹಂತದಿಂದ.

ದೂರವಾಣಿಯ ಹಳೆಯ ಪದ್ಧತಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತು ಒಂದು ತಂತಿದಾರಿಯು ಅವರಿಬ್ಬರಿಗೇ ಮೀಸಲಾಗಿರುತ್ತಿತ್ತು. ಗಣಕಜಾಲ ಹಿಡಿದದ್ದು ಬೇರೆ ದಾರಿ. ಸಂದೇಶವನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು, ಪ್ರತಿಯೊಂದರ ಮೇಲೂ ವಿಳಾಸ ಬರೆದು, ಎಲ್ಲರೂ ಬಳಸುವ ದಾರಿಗೆ ಬಿಡುವುದು ಅದರ ಕ್ರಮ. ಅಮೆರಿಕದ ಪಾಲ್ ಬರಾನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ೧೯೬೦ರ ದಶಕದಲ್ಲಿ ಒಬ್ಬರನ್ನೊಬ್ಬರು ಅವಲಂಬಿಸದೆ ಈ ವಿಚಾರಕ್ಕೆ ಬಂದರು. ೧೯೬೯ರ ಅಕ್ಟೋಬರ್ ೨೯ರಂದು ‘ಅರ್ಪಾನೆಟ್’ ಜಾಲದಲ್ಲಿ ಲಾಸ್ ಏಂಜಲೀಸಿನಿಂದ ಕ್ಯಾಲಿಫೋರ್ನಿಯಾದ ಮತ್ತೊಂದು ಸಂಶೋಧನ ಕೇಂದ್ರಕ್ಕೆ ಮೊದಲ ಸಂದೇಶ ಹೋಯಿತು. ಕಳಿಸಬೇಕಾಗಿದ್ದುದು ‘ಲಾಗಿನ್’ ಎಂಬ ಪದ. ಅದರ ಮೊದಲ ಎರಡು ಅಕ್ಷರಗಳು ಮುಟ್ಟುವಷ್ಟರಲ್ಲಿ ಆಚೆಯ ಯಂತ್ರ ಕುಸಿಯಿತು. ಜಾಲದ ಮೊದಲ ಮಾತೇ ಅರ್ಧಕ್ಕೆ ನಿಂತದ್ದು ಅರ್ಥಪೂರ್ಣವಾಗಿದೆ. ಮುಂದಿನ ಸಂಶೋಧನೆಯ ಬಹುಭಾಗವು ಅರ್ಧಕ್ಕೆ ನಿಂತ ಮಾತನ್ನು ಪೂರ್ಣಗೊಳಿಸುವುದು ಹೇಗೆ ಎಂಬುದರ ಸುತ್ತಲೇ ನಡೆಯಿತು.

ಒಂದು ಪೊಟ್ಟಣವು ಸಾಮಾನ್ಯವಾಗಿ ೧,೫೦೦ ಬೈಟುಗಳನ್ನು ಮೀರುವುದಿಲ್ಲ. ಅದರಲ್ಲಿ ವಿಳಾಸ ಮೊದಲಾದ ತಲೆಬರಹಕ್ಕೆ ೪೦ ಬೈಟು ಹೋದರೆ ಉಳಿಯುವುದು ೧,೪೬೦. ಪಹಣಿಯ ಅಚ್ಚುಪುಟವು ೬೦,೦೦೦ ಬೈಟಿನಷ್ಟಿದೆ ಎಂದಿಟ್ಟುಕೊಂಡರೆ ಅದು ೪೨ ಪೊಟ್ಟಣಗಳಾಗಿ ಹೊರಡುತ್ತದೆ. ಇವು ಬೇರೆ ಬೇರೆ ದಾರಿ ಹಿಡಿಯಬಹುದು, ಹಿಂದುಮುಂದಾಗಿ ಸೇರಬಹುದು, ಒಂದೇ ಪೊಟ್ಟಣ ಎರಡು ಸಲ ಬರಬಹುದು, ಕೆಲವು ಬರದೆಯೇ ಹೋಗಬಹುದು. ದಾರಿಯ ನಡುವಿನ ರೂಟರ್ ಎಂಬ ಯಂತ್ರವು ತನ್ನ ಕೈಮೀರಿದಾಗ ಪೊಟ್ಟಣವನ್ನು ಸುಮ್ಮನೆ ಎಸೆದುಬಿಡುತ್ತದೆ. ಎಸೆದೆನೆಂದು ಹೇಳುವ ಕಟ್ಟುಪಾಡೂ ಅದಕ್ಕಿಲ್ಲ. ವಿಳಾಸ ನೋಡಿ ಮುಂದಕ್ಕೆ ತಳ್ಳುವ ಈ ಕೆಲಸದ ನಿಯಮಾವಳಿಗೆ ‘ಐಪಿ’ ಎಂದು ಹೆಸರು. ಅದರ ಮೇಲೆ ಕುಳಿತು, ತುದಿಯ ಎರಡು ಯಂತ್ರಗಳಲ್ಲಿ ಮಾತ್ರ ಇದ್ದುಕೊಂಡು, ಕಳೆದುದನ್ನು ತುಂಬಿ, ಹೆಚ್ಚಾದುದನ್ನು ತೆಗೆದು, ಕ್ರಮಗೆಟ್ಟುದನ್ನು ಜೋಡಿಸುವ ನಿಯಮಾವಳಿ ‘ಟಿಸಿಪಿ’. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ೧೯೭೪ರಲ್ಲಿ ಪ್ರಕಟಿಸಿದ ಪ್ರಬಂಧ ಇದರ ಮೂಲ. ೧೯೮೧ರಲ್ಲಿ ಅದು ಮಾನಕ ರೂಪ ಪಡೆಯಿತು. ೧೯೮೩ರ ಜನವರಿ ೧ರಿಂದ ಅರ್ಪಾನೆಟ್ ಪೂರ್ತಿಯಾಗಿ ಇದಕ್ಕೆ ಬದಲಾಯಿತು. ೨೦೨೨ರಲ್ಲಿ ನಿಯಮಾವಳಿಯನ್ನು ಪರಿಷ್ಕರಿಸಿ ಪ್ರಕಟಿಸಲಾಯಿತಾದರೂ ಮೂಲತತ್ತ್ವಗಳು ಹಾಗೆಯೇ ಉಳಿದಿವೆ.

೩. ‘ಹೂಂ’ ಎಂಬ ಒಪ್ಪಿಗೆ

ಕನ್ನಡ ನಾಡಿನಲ್ಲಿ ಕಥೆ ಹೇಳುವವರು ಕೇಳುವವರಿಗೆ ಮೊದಲು ವಿಧಿಸುವ ಕಟ್ಟಳೆ ಹೂಂಗುಟ್ಟಬೇಕೆಂಬುದು. ಅಜ್ಜಿ ಒಂದು ಮಾತು ಹೇಳುತ್ತಾಳೆ. ಕೂಸು ‘ಹೂಂ’ ಎನ್ನುತ್ತದೆ. ಆಗ ಮಾತ್ರ ಮುಂದಿನ ಮಾತು. ಹೂಂ ನಿಂತರೆ ಕಥೆ ನಿಲ್ಲುತ್ತದೆ. ‘ನಿದ್ದಿ ಬಂತೇನ?’ ಎಂದು ವಿಚಾರಿಸಿ, ಕೊನೆಯ ಹೂಂ ಎಲ್ಲಿ ಬಂದಿತ್ತೋ ಅಲ್ಲಿಂದ ಕಥೆಯನ್ನು ಮತ್ತೆ ಎತ್ತಿಕೊಳ್ಳಲಾಗುತ್ತದೆ. ಹೂಂಗುಟ್ಟುವಿಕೆಯನ್ನು ಜಾನಪದ ವಿದ್ವಾಂಸರು ಸಾಮಾನ್ಯವಾಗಿ ಕಥನದ ಲಯದ ಭಾಗವಾಗಿ ವಿವರಿಸುತ್ತಾರೆ. ಅದು ನಿಜ. ಆದರೆ ಅದಕ್ಕೆ ಮತ್ತೊಂದು ಪ್ರಯೋಜನವೂ ಉಂಟು: ಹೇಳಿದ್ದು ಮುಟ್ಟಿತು ಎಂಬುದಕ್ಕೆ ಕತ್ತಲಲ್ಲಿ ಕುಳಿತ ಕಥೆಗಾರ್ತಿಗೆ ಇರುವ ಏಕೈಕ ಸಾಕ್ಷಿ ಅದು.

ಟಿಸಿಪಿಯ ಮರ್ಮವೂ ಇದೇ. ಕಳಿಸುವ ಯಂತ್ರವು ಪ್ರತಿ ಬೈಟಿಗೂ ಒಂದು ಅನುಕ್ರಮ ಸಂಖ್ಯೆ ಇಡುತ್ತದೆ. ಪಡೆಯುವ ಯಂತ್ರವು ತನಗೆ ಎಲ್ಲಿಯವರೆಗೆ ಎಡೆಬಿಡದೆ ಬಂದಿದೆಯೋ ಅದನ್ನು ನೋಡಿ, ‘ಇನ್ನು ಮುಂದೆ ಇಂಥ ಸಂಖ್ಯೆಯಿಂದ ಬೇಕು’ ಎಂದು ತಿಳಿಸುತ್ತದೆ. ಇದು ಯಂತ್ರದ ಹೂಂ. ಈ ಹೂಂ ಇಂತಿಷ್ಟು ಹೊತ್ತಿನಲ್ಲಿ ಬಾರದಿದ್ದರೆ ಕಳಿಸಿದ ಯಂತ್ರವು ಪೊಟ್ಟಣ ಕಳೆಯಿತೆಂದು ಬಗೆದು ಮತ್ತೆ ಕಳಿಸುತ್ತದೆ. ಮತ್ತೂ ಬಾರದಿದ್ದರೆ ಕಾಯುವ ಅವಧಿಯನ್ನು ಇಮ್ಮಡಿಸಿ ಮತ್ತೊಮ್ಮೆ ಕಳಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ೭ನೆಯ ಪೊಟ್ಟಣ ಕಳೆದು, ೮, ೯, ೧೦ ಬಂದವೆಂದುಕೊಂಡರೆ, ಪಡೆಯುವ ಯಂತ್ರವು ಪ್ರತಿ ಸಲವೂ ‘೭ ಬೇಕು, ೭ ಬೇಕು, ೭ ಬೇಕು’ ಎಂದೇ ಹೇಳುತ್ತ ಹೋಗುತ್ತದೆ. ಹೀಗೆ ಒಂದೇ ಹೂಂ ಮೇಲಿಂದ ಮೇಲೆ ಮರುಕಳಿಸಿದಾಗ ಕಳಿಸುವ ಯಂತ್ರವು ಅವಧಿ ಮುಗಿಯುವವರೆಗೂ ಕಾಯದೆ ೭ನ್ನು ಕೂಡಲೇ ಕಳಿಸುತ್ತದೆ. ಅದು ಮುಟ್ಟಿದೊಡನೆ ‘ಇನ್ನು ೧೧ ಬೇಕು’ ಎಂಬ ಉತ್ತರ ಬರುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹೂಂ ಬಾರದಿರುವುದಕ್ಕೆ ಎರಡು ಕಾರಣಗಳಿರಬಹುದು: ಮಾತು ಮುಟ್ಟದೆ ಇರಬಹುದು, ಇಲ್ಲವೆ ಮಾತು ಮುಟ್ಟಿ ಹೂಂ ದಾರಿಯಲ್ಲಿ ಕಳೆದಿರಬಹುದು. ಕಳಿಸಿದವರಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಆದುದರಿಂದ ಮುಟ್ಟಿದ ಪೊಟ್ಟಣವೂ ಎರಡನೆಯ ಸಲ ಬರುವುದುಂಟು. ಸಂಖ್ಯೆಯ ಉಪಯೋಗ ಆಗ ಸ್ಪಷ್ಟವಾಗುತ್ತದೆ. ಈಗಾಗಲೇ ಇರುವ ಸಂಖ್ಯೆಯದು ಮತ್ತೆ ಬಂದರೆ ಪಡೆಯುವ ಯಂತ್ರವು ಅದನ್ನು ಬಿಟ್ಟು, ಹೂಂ ಮಾತ್ರ ಇನ್ನೊಮ್ಮೆ ಹೇಳುತ್ತದೆ.

ಈ ಎಣಿಕೆ ಒಂದರಿಂದ ತೊಡಗುವುದಿಲ್ಲ ಎಂಬುದೂ ಸ್ವಾರಸ್ಯಕರ. ಕಣದಲ್ಲಿ ಧಾನ್ಯ ಅಳೆಯುವ ರೈತರು ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುವುದು ಕನ್ನಡ ನಾಡಿನ ಹಲವೆಡೆ ಕಂಡುಬರುವ ರೂಢಿ. ಅಲ್ಲಿ ಮಂಗಳದ ಆಶಯವಿದೆ. ಟಿಸಿಪಿಯಲ್ಲಿ ಪ್ರತಿ ಸಂಪರ್ಕಕ್ಕೂ ಬೇರೊಂದು ಸಂಖ್ಯೆಯಿಂದ ಎಣಿಕೆ ಆರಂಭವಾಗುವುದರ ಆಶಯ ಎಚ್ಚರಿಕೆಯದು. ಹಿಂದಿನ ಸಂಪರ್ಕವೊಂದರ ದಾರಿತಪ್ಪಿದ ಪೊಟ್ಟಣವು ತಡವಾಗಿ ಬಂದು ಈ ಸಂಪರ್ಕದ ರಾಶಿಯಲ್ಲಿ ಸೇರಿಹೋಗಬಾರದು. ಹೊರಗಿನವರು ಸಂಖ್ಯೆಯನ್ನು ಊಹಿಸಿ ಸುಳ್ಳು ಪೊಟ್ಟಣವನ್ನು ನುಸುಳಿಸಬಾರದು.

೪. ಹೊಳೆಯಾಚೆಯ ಕೂಗು

ಇಬ್ಬರೂ ಪರಸ್ಪರರ ಆರಂಭದ ಸಂಖ್ಯೆಯನ್ನು ತಿಳಿಯಬೇಕಾದರೆ ಮಾತುಕತೆಗೆ ಮುನ್ನ ಒಂದು ಪರಿಚಯ ನಡೆಯಬೇಕು. ಇದು ಮೂರು ಮಾತಿನಲ್ಲಿ ಮುಗಿಯುತ್ತದೆ. ತುಂಗಭದ್ರೆಯ ದಂಡೆಯಲ್ಲಿ ನಿಂತು ಆಚೆ ದಡದ ಹರಿಗೋಲಿನವನನ್ನು ಕೂಗುವ ಸನ್ನಿವೇಶವನ್ನು ನೆನೆದರೆ ಇದರ ಅಗತ್ಯ ತಿಳಿಯುತ್ತದೆ. ಈ ದಡದವನು ಕೂಗುತ್ತಾನೆ. ಆಚೆಯವನು ‘ಓ’ ಎಂದು ಉತ್ತರಿಸುತ್ತಾನೆ. ಈಗ ಈ ದಡದವನಿಗೆ ತನ್ನ ದನಿ ಮುಟ್ಟಿತೆಂದೂ, ಆಚೆಯ ದನಿ ತನಗೆ ಕೇಳಿಸುವುದೆಂದೂ ಖಚಿತವಾಯಿತು. ಆದರೆ ಆಚೆಯವನಿಗೆ ತನ್ನ ‘ಓ’ ಕೇಳಿಸಿತೋ ಇಲ್ಲವೋ ತಿಳಿಯದು. ಈ ದಡದವನು ಮತ್ತೊಮ್ಮೆ ಕೈಬೀಸಿದಾಗ ಅದೂ ಖಚಿತವಾಗಿ, ಹರಿಗೋಲು ದಡ ಬಿಡುತ್ತದೆ. ಎರಡು ಮಾತು ಸಾಲದು, ಮೂರು ಬೇಕು.

ನಾಲ್ಕನೆಯದು ಏಕೆ ಬೇಡ ಎಂಬ ಪ್ರಶ್ನೆ ಸಹಜ. ಕೈಬೀಸಿದ್ದು ಕಂಡಿತೇ ಎಂಬ ಅನುಮಾನ ಈ ದಡದವನಿಗೆ ಉಳಿದೇ ಇರುತ್ತದೆ. ಅದಕ್ಕೊಂದು ಉತ್ತರ ಬಂದರೆ ಆ ಉತ್ತರ ಮುಟ್ಟಿತೇ ಎಂಬ ಅನುಮಾನ ಆಚೆಯವನದಾಗುತ್ತದೆ. ಈ ಸರಪಳಿಗೆ ಕೊನೆಯಿಲ್ಲ. ಮಾತು ಕಳೆದುಹೋಗಬಹುದಾದ ದಾರಿಯಲ್ಲಿ ಇಬ್ಬರಿಗೂ ಸಂಪೂರ್ಣ ಖಚಿತತೆ ಎಂದಿಗೂ ಸಾಧ್ಯವಿಲ್ಲವೆಂದು ೧೯೭೦ರ ದಶಕದಲ್ಲಿಯೇ ಗಣಕ ವಿಜ್ಞಾನಿಗಳು ತೋರಿಸಿದರು. ಕಣಿವೆಯ ಎರಡು ಬದಿಗಳಲ್ಲಿ ಬೀಡುಬಿಟ್ಟ ಮಿತ್ರಸೇನೆಗಳ ದಂಡನಾಯಕರು ದೂತರ ಮೂಲಕ ದಾಳಿಯ ಹೊತ್ತನ್ನು ನಿಶ್ಚಯಿಸಲು ಯತ್ನಿಸುವ ಕಥೆಯಾಗಿ ಈ ಸಮಸ್ಯೆ ಪ್ರಸಿದ್ಧವಾಗಿದೆ. ಟಿಸಿಪಿ ಈ ಅಸಾಧ್ಯವನ್ನು ಗೆಲ್ಲುವುದಿಲ್ಲ. ಕೆಲಸ ಸಾಗುವಷ್ಟು ಭರವಸೆಯನ್ನು ಕೊಟ್ಟು ನಿಲ್ಲುತ್ತದೆ. ಹರಿಗೋಲಿನವನೂ ಅಷ್ಟರ ಮೇಲೆಯೇ ಹುಟ್ಟು ಹಾಕುತ್ತಾನೆ.

೫. ಬೆಲೆ ಮತ್ತು ಬೆಳೆ

ಮುಟ್ಟಿದ್ದು ಕೆಡದೆ ಮುಟ್ಟಿತೇ ಎಂಬುದು ಮತ್ತೊಂದು ಪ್ರಶ್ನೆ. ಯೂನಿಕೋಡ್ ಸಂಕೇತದ ರೂಢಿಯ ರೂಪದಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಯೂ ೩ ಬೈಟುಗಳನ್ನು ತೆಗೆದುಕೊಳ್ಳುತ್ತದೆ. ‘ಕರೂರು’ ಎಂಬ ಹೆಸರಿನಲ್ಲಿ ಮೂರು ವ್ಯಂಜನ, ಎರಡು ಸ್ವರಚಿಹ್ನೆ ಸೇರಿ ಐದು ಸಂಕೇತಗಳು, ಅಂದರೆ ೧೫ ಬೈಟುಗಳು. ಬೈಟಿಗೆ ೮ ಬಿಟ್‌ಗಳಂತೆ ಒಟ್ಟು ೧೨೦ ಬಿಟ್‌ಗಳು. ಪ್ರತಿಯೊಂದೂ ಸೊನ್ನೆ ಅಥವಾ ಒಂದು. ‘ಲ’ ಮತ್ತು ‘ಳ’ ಅಕ್ಷರಗಳ ಸಂಕೇತಗಳಿಗೆ ಇರುವ ಅಂತರ ಒಂದೇ ಒಂದು ಬಿಟ್. ದಾರಿಯಲ್ಲಿ ಆ ಒಂದು ಬಿಟ್ ಪಲ್ಲಟವಾದರೆ ‘ಬೆಲೆ’ ‘ಬೆಳೆ’ಯಾಗುತ್ತದೆ. ರೈತನ ದಾಖಲೆಯಲ್ಲಿ ಈ ಎರಡು ಪದಗಳಿಗಿರುವ ದೂರವನ್ನು ವಿವರಿಸಬೇಕಾಗಿಲ್ಲ.

ಇದನ್ನು ತಡೆಯಲು ಪ್ರತಿ ಪೊಟ್ಟಣದಲ್ಲಿಯೂ ಒಂದು ತಾಳೆಮೊತ್ತ ಇರುತ್ತದೆ. ಪೊಟ್ಟಣದ ಬಿಟ್‌ಗಳನ್ನು ೧೬ರ ಗುಂಪುಗಳನ್ನಾಗಿ ಮಾಡಿ ಕೂಡಿದ ಲೆಕ್ಕದಿಂದ ಅದು ದೊರೆಯುತ್ತದೆ. ಪಡೆಯುವ ಯಂತ್ರವು ತಾನೂ ಕೂಡಿ ನೋಡಿ, ತಾಳೆಯಾಗದಿದ್ದರೆ ಪೊಟ್ಟಣವನ್ನು ಎಸೆಯುತ್ತದೆ. ಹೂಂ ಹೋಗುವುದಿಲ್ಲವಾದ್ದರಿಂದ ಅದು ಮತ್ತೆ ಬರುತ್ತದೆ. ಭತ್ತದ ಗಾಡಿಯೊಡನೆ ತೂಕದ ಚೀಟಿ ಕಳಿಸುವ ಪದ್ಧತಿಗೆ ಇದನ್ನು ಹೋಲಿಸಬಹುದು. ಒಂದು ಬಿಟ್ ಪಲ್ಲಟವಾದರೆ ಈ ಲೆಕ್ಕವು ತಪ್ಪದೆ ಹಿಡಿಯುತ್ತದೆ. ಆದರೆ ತೂಕದ ಚೀಟಿಗಿರುವ ಮಿತಿಯೂ ಇದಕ್ಕುಂಟು. ಎರಡು ಗುಂಪುಗಳು ಪರಸ್ಪರ ಸ್ಥಳ ಬದಲಿಸಿದರೆ ಮೊತ್ತ ಅಷ್ಟೇ ಇರುವುದರಿಂದ ಪತ್ತೆಯಾಗದು. ಆ ಕಾರಣದಿಂದ ತಂತಿಯ ಮಟ್ಟದಲ್ಲಿಯೂ, ಮೇಲಿನ ಅನ್ವಯಗಳ ಮಟ್ಟದಲ್ಲಿಯೂ ಬೇರೆ ತಾಳೆಗಳನ್ನು ಇಡಲಾಗಿದೆ.

ಮೌಖಿಕ ಪರಂಪರೆಗೂ ಇಂಥ ಬಿಗಿಯಾದ ತಾಳೆಯ ಅನುಭವವುಂಟು. ವೇದಪಾಠದ ಜಟೆ, ಘನ ಮುಂತಾದ ಕ್ರಮಗಳಲ್ಲಿ ಪದಗಳನ್ನು ಹಿಂದುಮುಂದಾಗಿ ಹೆಣೆದು ಮತ್ತೆ ಮತ್ತೆ ಹೇಳಲಾಗುತ್ತದೆ. ಒಂದು ಕಡೆ ಜಾರಿದ ಸ್ವರವು ಇನ್ನೊಂದು ಕಡೆಯ ಹೆಣಿಗೆಯಲ್ಲಿ ಸಿಕ್ಕಿಬೀಳುತ್ತದೆ. ಹೆಚ್ಚುವರಿಯಾಗಿ ಹೇಳುವುದು ವ್ಯರ್ಥವಲ್ಲ, ಅದೇ ಕಾವಲು ಎಂಬ ತಿಳಿವಳಿಕೆ ಎರಡೂ ಕಡೆ ಸಮಾನವಾಗಿದೆ.

೬. ಕಾರ್ಣಿಕ ಮತ್ತು ಬುರ್ರಕಥೆ

ಎಲ್ಲ ಮಾತಿಗೂ ಹೂಂ ಬೇಕೆಂದಿಲ್ಲ. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಕಾರ್ಣಿಕ ನಡೆಯುತ್ತದೆ. ಗೊರವಯ್ಯ ಬಿಲ್ಲನ್ನೇರಿ, ನೆರೆದ ಜನಸಾಗರವನ್ನು ಮೌನಗೊಳಿಸಿ, ಒಂದೇ ಒಂದು ನುಡಿಯನ್ನು ಉಸುರಿ ಕೆಳಕ್ಕೆ ಬೀಳುತ್ತಾನೆ. ಆ ನುಡಿ ಎರಡನೆಯ ಸಲ ಇಲ್ಲ. ಕೇಳಿಸಿತೇ ಎಂದು ಯಾರೂ ವಿಚಾರಿಸುವುದಿಲ್ಲ. ಹತ್ತಿರದವರು ಹಿಡಿದದ್ದು ದೂರದವರಿಗೆ ಬಾಯಿಂದ ಬಾಯಿಗೆ ಹೋಗುತ್ತದೆ; ಅದರ ಅರ್ಥದ ಬಗ್ಗೆ ಮಳೆ, ಬೆಳೆ, ರಾಜಕೀಯವೆಂದು ಚರ್ಚೆ ನಡೆಯುತ್ತದೆ. ಒಂದೇ ಸಲಕ್ಕೆ ಸಾವಿರಾರು ಜನರನ್ನು ಮುಟ್ಟುವುದು ಈ ಕ್ರಮದ ಬಲ. ಪ್ರತಿಯೊಬ್ಬರಿಗೂ ಮುಟ್ಟಿತೆಂಬ ಭರವಸೆ ಇಲ್ಲದಿರುವುದು ಅದರ ಮಿತಿ. ಗಣಕಜಾಲದಲ್ಲಿಯೂ ಹೂಂ ನಿರೀಕ್ಷಿಸದ ರವಾನೆ ಇದೆ. ೧೯೮೦ರಲ್ಲಿ ನಿರೂಪಿತವಾದ ‘ಯುಡಿಪಿ’ ಎಂಬ ನಿಯಮಾವಳಿಯದು ಈ ಬಗೆ. ದೂರದವರೊಡನೆ ನೇರ ಸಂಭಾಷಣೆ ನಡೆಯುವಾಗ ಕಳೆದ ಒಂದು ಉಸಿರನ್ನು ಮತ್ತೆ ತರಿಸಿಕೊಳ್ಳುವುದಕ್ಕಿಂತ ಮುಂದಿನ ಮಾತು ತಡವಾಗದಿರುವುದು ಮುಖ್ಯ. ಅಲ್ಲಿ ಯುಡಿಪಿ ತಕ್ಕುದು, ಪಹಣಿಗೆ ತಕ್ಕುದಲ್ಲ.

ಇದಕ್ಕೆ ಪ್ರತಿಯಾಗಿ ಬುರ್ರಕಥೆಯನ್ನು ಇಡಬಹುದು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು, ೨೦೧೪ರಲ್ಲಿ ತೀರಿಕೊಂಡ ಬುಡ್ಗಜಂಗಮ ಸಮುದಾಯದ ಈ ಮಹಾಗಾಯಕಿ, ಅಕ್ಷರದ ನೆರವಿಲ್ಲದೆ ಕುಮಾರರಾಮನ ಕಥೆಯೂ ಸೇರಿದಂತೆ ಹಲವು ದೀರ್ಘ ಕಾವ್ಯಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಬುರ್ರಕಥೆಯ ಮೇಳದಲ್ಲಿ ಮುಖ್ಯ ಗಾಯಕಿ ತಂಬೂರಿ ಹಿಡಿದು ಒಂದು ನಡೆ ಹಾಡಿದರೆ, ಪಕ್ಕದವರು ಚರ್ಮವಾದ್ಯ ನುಡಿಸುತ್ತ ಅದನ್ನು ಎತ್ತಿಕೊಳ್ಳುತ್ತಾರೆ, ಸೊಲ್ಲು ಸೇರಿಸುತ್ತಾರೆ, ನಡುನಡುವೆ ಪ್ರಶ್ನಿಸುತ್ತಾರೆ. ಪ್ರತಿ ನಡೆಯೂ ಮುಟ್ಟಿತೆಂಬುದಕ್ಕೆ ರಂಗದ ಮೇಲೆಯೇ ಸಾಕ್ಷಿಯಿದೆ. ಇದು ಹೂಂ ಪಡೆದು ಮುನ್ನಡೆಯುವ ಕ್ರಮ. ಕಾರ್ಣಿಕದ ಸೀಮೆಯೂ ಬುರ್ರಕಥೆಯ ಸೀಮೆಯೂ ಒಂದೇ ಆಗಿರುವುದು ಮಾತಿನ ಉದ್ದೇಶಕ್ಕೆ ತಕ್ಕಂತೆ ರವಾನೆಯ ರೀತಿಯೂ ಬದಲಾಗುತ್ತದೆ ಎಂಬುದನ್ನು ಮನಗಾಣಿಸುತ್ತದೆ.

೭. ಕಾಲುವೆಯ ಕೊನೆಯಂಚು

ಪ್ರತಿ ಪೊಟ್ಟಣಕ್ಕೂ ಹೂಂ ಬರುವವರೆಗೆ ಕಾದರೆ ಕೆಲಸ ನಿಧಾನವಾಗುತ್ತದೆ. ಆದುದರಿಂದ ಹಲವು ಪೊಟ್ಟಣಗಳನ್ನು ಒಟ್ಟಿಗೆ ಬಿಡಲಾಗುತ್ತದೆ. ಎಷ್ಟನ್ನು ಬಿಡಬಹುದು ಎಂಬುದಕ್ಕೆ ಎರಡು ಮಿತಿಗಳಿವೆ. ಮೊದಲನೆಯದು ಪಡೆಯುವವರ ಶಕ್ತಿ. ಇನ್ನೆಷ್ಟು ಬೈಟುಗಳಿಗೆ ತನ್ನಲ್ಲಿ ಜಾಗವಿದೆ ಎಂಬುದನ್ನು ಪಡೆಯುವ ಯಂತ್ರವು ಪ್ರತಿ ಹೂಂನೊಡನೆ ತಿಳಿಸುತ್ತದೆ. ಎರಡನೆಯದು ದಾರಿಯ ಶಕ್ತಿ. ಇದನ್ನು ಯಾರೂ ಹೇಳುವುದಿಲ್ಲ, ಊಹಿಸಿಯೇ ತಿಳಿಯಬೇಕು.

೧೯೮೬ರ ಅಕ್ಟೋಬರಿನಲ್ಲಿ ಈ ಎರಡನೆಯ ಮಿತಿಯನ್ನು ಕಡೆಗಣಿಸಿದ್ದರ ಫಲ ಕಂಡಿತು. ಕ್ಯಾಲಿಫೋರ್ನಿಯಾದಲ್ಲಿ ಕೇವಲ ೪೦೦ ಗಜ ಅಂತರದ ಎರಡು ಸಂಸ್ಥೆಗಳ ನಡುವಿನ ರವಾನೆಯ ವೇಗವು ಸೆಕೆಂಡಿಗೆ ೩೨,೦೦೦ ಬಿಟ್‌ಗಳಿಂದ ೪೦ ಬಿಟ್‌ಗಳಿಗೆ ಕುಸಿಯಿತು. ಅಂದರೆ ೮೦೦ರಲ್ಲಿ ಒಂದು ಪಾಲು. ಹೂಂ ತಡವಾದುದರಿಂದ ಎಲ್ಲರೂ ಮತ್ತೆ ಕಳಿಸಿದರು. ಮತ್ತೆ ಕಳಿಸಿದ್ದರಿಂದ ದಾರಿ ಇನ್ನಷ್ಟು ಕಿಕ್ಕಿರಿಯಿತು. ಹೂಂ ಇನ್ನಷ್ಟು ತಡವಾಯಿತು. ವಿಶ್ವಾಸಾರ್ಹತೆಗೆಂದು ಇಟ್ಟ ಉಪಾಯವೇ ಜಾಲದ ಕುತ್ತಿಗೆಗೆ ಬಂದಿತ್ತು. ವ್ಯಾನ್ ಜೇಕಬ್ಸನ್ ೧೯೮೮ರಲ್ಲಿ ಪ್ರಕಟಿಸಿದ ಪರಿಹಾರವು ಸಂಯಮದ್ದು. ಮೊದಲು ಕೆಲವೇ ಪೊಟ್ಟಣ ಬಿಡುವುದು. ಹೂಂ ಬಂದಂತೆ ಇಮ್ಮಡಿಸುತ್ತ ಹೋಗುವುದು. ಒಂದು ಮಟ್ಟ ಮುಟ್ಟಿದ ಮೇಲೆ ಒಂದೊಂದಾಗಿ ಏರಿಸುವುದು. ಪೊಟ್ಟಣ ಕಳೆದುದು ಕಂಡೊಡನೆ ದಾರಿ ತುಂಬಿದೆಯೆಂದು ತಿಳಿದು ಹಿಂಜರಿಯುವುದು. ಅಂದಿನಿಂದ ಈ ಕ್ರಮಕ್ಕೆ ಹಲವು ಪರಿಷ್ಕಾರಗಳಾಗಿವೆ. ಸಂಯಮದ ತತ್ತ್ವ ಉಳಿದಿದೆ.

ತುಂಗಭದ್ರಾ ಅಚ್ಚುಕಟ್ಟಿನ ಜನಕ್ಕೆ ಈ ಸಂಗತಿ ಹೊಸದಲ್ಲ. ಕಾಲುವೆಯ ಮೇಲ್ಭಾಗದವರು ಮನಬಂದಂತೆ ನೀರು ತಿರುಗಿಸಿಕೊಂಡರೆ ಕೊನೆಯಂಚಿನ ಗದ್ದೆ ಒಣಗುತ್ತದೆ. ಹಳೆಯ ಕೆರೆಗಳಲ್ಲಿ ಇದನ್ನು ಸರಿದೂಗಿಸಲು ನೀರುಗಂಟಿ ಇದ್ದನು. ಅವನ ಹಂಚಿಕೆಗೆ ಊರಿನ ಒಪ್ಪಿಗೆಯೂ ದೈವದ ಭಯವೂ ಬೆಂಬಲವಾಗಿದ್ದವು. ಅಂತರಜಾಲದ ಹೊಳೆಗಾದರೋ ಇಡಿಯಾಗಿ ಹಂಚುವ ನೀರುಗಂಟಿ ಇಲ್ಲ. ತುದಿಯ ಪ್ರತಿಯೊಂದು ಯಂತ್ರವೂ ಕಳೆದ ಪೊಟ್ಟಣವನ್ನು ಬರದ ಸೂಚನೆಯೆಂದು ಓದಿ ತನ್ನ ತೂಬನ್ನು ತಾನೇ ತಗ್ಗಿಸಿಕೊಳ್ಳಬೇಕು. ಈ ಸ್ವಯಂಸಂಯಮ ಬಹುಮಟ್ಟಿಗೆ ಪಾಲನೆಯಾಗುತ್ತಿರುವುದರಿಂದಲೇ ಜಾಲ ನಡೆಯುತ್ತಿದೆ. ಯಂತ್ರಗಳಿಗೆ ಬರೆದ ನಿಯಮಾವಳಿಯೊಳಗೆ ನೆರೆಹೊರೆಯ ನೀತಿಯೊಂದು ಅಡಗಿರುವುದು ಗಮನಾರ್ಹ.

೮. ಮುಟ್ಟಿತು, ಆದರೆ ಯಾರಿಗೆ?

ಇಷ್ಟಾದರೂ ಟಿಸಿಪಿ ಕೊಡುವ ಭರವಸೆಯು ಯಂತ್ರದಿಂದ ಯಂತ್ರಕ್ಕೆ ಮಾತ್ರ ಸೀಮಿತವಾದುದು. ೧೯೮೪ರಲ್ಲಿ ಸಾಲ್ಟ್‌ಜರ್, ರೀಡ್ ಮತ್ತು ಕ್ಲಾರ್ಕ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಬಂಧವೊಂದರ ಸಾರ ಇದೇ: ಕೆಲಸ ಸರಿಯಾಗಿ ಮುಗಿಯಿತೆಂಬುದನ್ನು ಅಂತಿಮವಾಗಿ ಖಚಿತಪಡಿಸಬಲ್ಲವರು ಎರಡು ತುದಿಗಳಲ್ಲಿರುವವರು ಮಾತ್ರ, ನಡುವಿನ ದಾರಿಯಲ್ಲ.

ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಡುವ ಸನ್ನಿವೇಶವನ್ನು ಪರಿಶೀಲಿಸಬಹುದು. ಬೆರಳಚ್ಚು ದೂರದ ಸರ್ವರಿಗೆ ಹೋಗುತ್ತದೆ. ಅಲ್ಲಿ ಪಡಿತರ ವಿತರಣೆಯ ನಮೂದು ಆಗುತ್ತದೆ. ಅಷ್ಟರಲ್ಲಿ ಸಂಪರ್ಕ ಕಡಿದರೆ ಉತ್ತರ ಅಂಗಡಿಗೆ ಬರುವುದಿಲ್ಲ. ಸರ್ವರಿನ ಲೆಕ್ಕದಲ್ಲಿ ಅಕ್ಕಿ ಹೋಗಿದೆ. ಮಹಿಳೆಯ ಚೀಲ ಖಾಲಿಯಾಗಿದೆ. ಮೊಬೈಲಿನ ಮೂಲಕ ಹಣ ಕಳಿಸುವಾಗಲೂ, ೨೦೧೬ರಲ್ಲಿ ‘ಯುಪಿಐ’ ಬಂದ ಮೇಲೆ ಹಳ್ಳಿಗಳಿಗೂ ಪರಿಚಿತವಾದಂತೆ, ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಸೇರದೆ ನಡುವೆ ನಿಲ್ಲುವ ಪ್ರಸಂಗವುಂಟು. ಮತ್ತೆ ಒತ್ತಬೇಕೋ ಬೇಡವೋ ಎಂಬ ಸಂಕಟ ಅಲ್ಲಿ ಹುಟ್ಟುತ್ತದೆ. ಇದಕ್ಕೆ ಪರಿಹಾರವು ಟಿಸಿಪಿಯಲ್ಲಿಲ್ಲ, ಅದರ ಮೇಲಿನ ವ್ಯವಹಾರದ ಲೆಕ್ಕದಲ್ಲಿದೆ. ಪ್ರತಿ ವ್ಯವಹಾರಕ್ಕೂ ಒಂದು ಪ್ರತ್ಯೇಕ ಸಂಖ್ಯೆ ಇಟ್ಟು, ಅದೇ ಸಂಖ್ಯೆಯ ಬೇಡಿಕೆ ಎಷ್ಟು ಸಲ ಬಂದರೂ ಒಂದೇ ಸಲ ನಡೆಸುವುದು, ಅರ್ಧಕ್ಕೆ ನಿಂತುದನ್ನು ಹಿಂದಿರುಗಿಸುವುದು. ಮದುವೆಯ ಮುಯ್ಯಿ ಪುಸ್ತಕದಲ್ಲಿ ಬರೆಯುವವನು ಹೆಸರು ಮೊದಲೇ ಇದೆಯೇ ಎಂದು ನೋಡಿ ಎರಡನೆಯ ಸಲ ಬರೆಯದಿರುವ ಎಚ್ಚರವೇ ಇದು. ಈ ಎಚ್ಚರವಿಲ್ಲದೆ ರೂಪಿಸಿದ ವ್ಯವಸ್ಥೆಯಲ್ಲಿ ನಷ್ಟವನ್ನು ಹೊರುವವರು ಕಿಟಕಿಯ ಈಚೆಗೆ ನಿಂತವರೇ ಆಗಿರುತ್ತಾರೆ.

ಇದಕ್ಕಿಂತ ಆಳವಾದ ಪ್ರಶ್ನೆ ಹೆಸರಿನದು. ಬಳ್ಳಾರಿ ಸೀಮೆಯಲ್ಲಿ ವೀರಮ್ಮ ಆಡುಮಾತಿನಲ್ಲಿ ಈರಮ್ಮನಾಗುತ್ತಾಳೆ, ವೀರಣ್ಣ ಈರಣ್ಣನಾಗುತ್ತಾನೆ. ಊರಿನವರಿಗೆ ಇಬ್ಬರೂ ಒಬ್ಬರೇ. ಕಾವ್ಯದಲ್ಲಿ ಇಂಥ ವ್ಯತ್ಯಾಸವನ್ನು ಪಾಠಾಂತರವೆಂದು ಗೌರವಿಸಲಾಗುತ್ತದೆ. ಜಾನಪದದಲ್ಲಿ ತಪ್ಪು ಪಾಠವೆಂಬುದಿಲ್ಲ. ಪ್ರತಿಯೊಂದು ಪಾಠವೂ ಒಂದು ಜೀವಂತ ಹಾಡಿಕೆ. ಗಣಕಜಾಲಕ್ಕೆ ಪಾಠಾಂತರ ಎಂಬ ಕಲ್ಪನೆಯೇ ಇಲ್ಲ. ಪಹಣಿಯಲ್ಲಿ ವೀರಮ್ಮ, ಆಧಾರ್ ಚೀಟಿಯಲ್ಲಿ ಈರಮ್ಮ, ಬ್ಯಾಂಕಿನ ಪುಸ್ತಕದಲ್ಲಿ ಊರ ಹೆಸರು ಸೇರಿದ ಮತ್ತೊಂದು ರೂಪ ಎಂದಾದರೆ ಅವು ಮೂರು ಬೇರೆ ಬೇರೆ ವ್ಯಕ್ತಿಗಳಂತೆ ತೋರುತ್ತವೆ. ಬೆಂಬಲ ಬೆಲೆಗೆ ಭತ್ತ ಮಾರುವಾಗ, ಬೆಳೆಹಾನಿಯ ಪರಿಹಾರ ಬರುವಾಗ ಈ ಹೊಂದಾಣಿಕೆಯ ಕೊರತೆ ಅಡ್ಡ ನಿಲ್ಲುತ್ತದೆ. ಇದರಲ್ಲಿ ಜಾಲದ ತಪ್ಪೇನೂ ಇಲ್ಲ. ತಪ್ಪಾಗಿ ಬರೆದ ಹೆಸರನ್ನೂ ಅದು ಒಂದು ಬಿಟ್ ಕೆಡದಂತೆ, ಹೂಂ ಪಡೆದು, ತಾಳೆ ನೋಡಿ, ಅತ್ಯಂತ ನಿಷ್ಠೆಯಿಂದ ಮುಟ್ಟಿಸುತ್ತದೆ. ವಿಶ್ವಾಸಾರ್ಹ ರವಾನೆ ಎಂದರೆ ಸತ್ಯದ ರವಾನೆ ಎಂದರ್ಥವಲ್ಲ.

೯. ಉಪಸಂಹಾರ

ಒಟ್ಟಿನಲ್ಲಿ ಗಣಕಜಾಲದ ವಿಶ್ವಾಸಾರ್ಹತೆಯು ದಾರಿಯ ಗಟ್ಟಿತನದಿಂದ ಬಂದುದಲ್ಲ, ತುದಿಗಳ ಎಚ್ಚರದಿಂದ ಬಂದುದು. ಎಣಿಸುವುದು, ಹೂಂಗುಟ್ಟುವುದು, ತಾಳೆ ನೋಡುವುದು, ಮತ್ತೆ ಹೇಳುವುದು, ಹಿಂಜರಿಯುವುದು ಎಂಬ ಐದು ಸರಳ ನಡೆಗಳು ಅದರ ಆಧಾರ. ಇವುಗಳಲ್ಲಿ ಒಂದೂ ಮೌಖಿಕ ಪರಂಪರೆಗೆ ಅಪರಿಚಿತವಲ್ಲ. ವ್ಯತ್ಯಾಸವಿರುವುದು ಹೂಂ ಎಂಬುದರ ಅರ್ಥದಲ್ಲಿ. ಯಂತ್ರದ ಹೂಂ ‘ಬಂದಿತು’ ಎನ್ನುತ್ತದೆ. ಕೂಸಿನ ಹೂಂ ‘ತಿಳಿಯಿತು, ಮುಂದೆ ಹೇಳು’ ಎನ್ನುತ್ತದೆ, ತಿಳಿಯದಿದ್ದರೆ ‘ಯಾಕೆ?’ ಎಂದು ಕೇಳುವ ಸ್ವಾತಂತ್ರ್ಯವೂ ಆ ಕೂಸಿಗಿದೆ.

ಕರೂರಿನ ಕಿಟಕಿಯ ಬಳಿ ಪಹಣಿ ಕೈಗೆ ಬಂದಾಗ ಯಂತ್ರಗಳ ಮಾತುಕತೆ ಮುಗಿದಿರುತ್ತದೆ, ಆದರೆ ಕೊನೆಯ ಹೂಂ ಇನ್ನೂ ಬಾಕಿಯಿರುತ್ತದೆ. ಅದನ್ನು ಹೇಳಬೇಕಾದವನು ರೈತ. ಕಾಗದದ ಮೇಲಿನ ಹೆಸರು ತನ್ನದೇ, ವಿಸ್ತೀರ್ಣ ಸರಿಯೇ, ಬೆಳೆಯ ಕಲಮಿನಲ್ಲಿ ತಾನು ಬೆಳೆದದ್ದೇ ಇದೆಯೇ ಎಂಬುದನ್ನು ಓದಿಸಿ ಕೇಳಿಸಿಕೊಂಡು ಅವನು ಒಪ್ಪುವವರೆಗೆ ಸಂದೇಶ ಮುಟ್ಟಿದಂತಲ್ಲ. ದಾಖಲೆಯನ್ನು ಗಟ್ಟಿಯಾಗಿ ಓದಿ ಹೇಳುವ, ಆಡುಮಾತಿನ ಹೆಸರನ್ನು ಬರಹದ ಹೆಸರಿನೊಡನೆ ಹೊಂದಿಸಿ ತಿದ್ದಿಕೊಡುವ ವ್ಯವಸ್ಥೆಯೊಂದು ಪ್ರತಿ ಹೋಬಳಿಯ ಕಿಟಕಿಯಲ್ಲಿಯೂ ಇರುವುದಾದರೆ, ಮುನ್ನೂರು ಕಿಲೋಮೀಟರ್ ದಾಟಿ ಬಂದ ಮಾತು ಉಳಿದ ಎರಡು ಅಡಿಯನ್ನೂ ದಾಟುತ್ತದೆ.